ಯೂನಿಫಾರ್ಮ್ ಮೈಮೇಲಿರುವಾಗಲೇ ಶುರು ಮಾಡಿ: ಮಿಲಿಟರಿ ಟ್ರೇಡನ್ನು (ಸೇನೆಯಲ್ಲಿ ಕಲಿತ ಕಸುಬನ್ನು) ಸಿವಿಲ್ ಕೆಲಸವಾಗಿಸುವ ದಾರಿ

"ಪೆನ್ಷನ್ ಬಂದ ಮೇಲೆ ನೋಡೋಣ ಬಿಡು." ಯೂನಿಟ್‌ನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಹೇಳಿದವನೇ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಹವಾಲ್ದಾರ್ ಆಗಿ ಹೊರಬಂದೆ, ಹನ್ನೊಂದು ತಿಂಗಳು ಮನೆಯಲ್ಲಿ ಕೂತೆ, ಆಮೇಲೆ ಒಂದು ಡೇಟಾ ಸೆಂಟರ್‌ನಲ್ಲಿ ಕೆಲಸಕ್ಕೆ ಸೇರಿದೆ. ಕೆಲಸ ಬರುವುದಿಲ್ಲ ಅಂತ ಕೂತಿದ್ದಲ್ಲ. ಕೇಬಲ್ ಎಳೆದಿದ್ದೆ, ಎಕ್ಸ್‌ಚೇಂಜ್ ನಡೆಸಿದ್ದೆ, ಬೆರಳು ಮರಗಟ್ಟುವ ಚಳಿಯಲ್ಲಿ ಜನರೇಟರ್ ಸ್ಟಾರ್ಟ್ ಮಾಡಿದ್ದೆ. ಆದರೆ ಅದನ್ನೆಲ್ಲ ಸಿವಿಲ್‌ನವರು, ಅಂದರೆ ಸೇನೆಯ ಹೊರಗಿನವರು, ಓದಿ ಅರ್ಥ ಮಾಡಿಕೊಳ್ಳುವಂಥ ಒಂದೇ ಒಂದು ಕಾಗದ ನನ್ನ ಕೈಯಲ್ಲಿರಲಿಲ್ಲ.

ನಮ್ಮ ಮೂರೂ ಸೇನೆಗಳಿಂದ ವರ್ಷಕ್ಕೆ ಸುಮಾರು 60,000 ಜನ ಹೊರಬರುತ್ತಾರೆ. ಹೆಚ್ಚಿನವರ ವಯಸ್ಸು 35ರಿಂದ 45. ಮಕ್ಕಳು ಇನ್ನೂ ಓದುತ್ತಿರುತ್ತಾರೆ, ಮನೆ ಸಾಲ ಅರ್ಧದಲ್ಲಿರುತ್ತದೆ. ಈ ಬರಹ ಮುಖ್ಯವಾಗಿ ಜವಾನರಿಗೆ, ಎನ್‌ಸಿಓಗಳಿಗೆ (ನಾಯಕ್, ಹವಾಲ್ದಾರ್ ದರ್ಜೆಯವರು), ಜೆಸಿಓಗಳಿಗೆ (ಸುಬೇದಾರ್ ದರ್ಜೆಯವರು). ಆಫೀಸರ್‌ಗಳ ದಾರಿ ಸ್ವಲ್ಪ ಬೇರೆ, ಅವರಿಗೆ ಹೇಳಿಕೊಡುವವರೂ ಜಾಸ್ತಿ.

ಹೆಜ್ಜೆ 1: ನಿಮಗೆ ಏನು ಬರುತ್ತದೆ ಅಂತ ಬರೆದುಕೊಳ್ಳಿ

ಡಿಸ್ಚಾರ್ಜ್‌ಗೆ ಎರಡು ವರ್ಷ ಇರುವಾಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸೇರಿದ ದಿನದಿಂದ ಮಾಡಿದ ಕೋರ್ಸು, ಯೂನಿಟ್ ಒಳಗಿನ ಕೇಡರ್ ತರಬೇತಿ, ಕೂತ ಹುದ್ದೆ, ಕೈಯಲ್ಲಿದ್ದ ಸಾಮಾನು, ಎಲ್ಲಾ ಬರೆಯಿರಿ. ಕೋರ್ಸ್ ಹೆಸರಿನ ಪಕ್ಕದಲ್ಲಿ ಎಷ್ಟು ವಾರ, ಯಾವ ಗ್ರೇಡ್. ಒಂದು ಸಂಜೆಗೆ ಮುಗಿಯುವ ಕೆಲಸ ಅಂದುಕೊಂಡಿದ್ದೆ. ನನಗೆ ಒಂಬತ್ತು ದಿನ ಬೇಕಾಯಿತು. ಮರೆತೇ ಹೋಗಿದ್ದ ಕೆಲಸಗಳು ಒಂದೊಂದಾಗಿ ನೆನಪಾದವು. ಎರಡು ವರ್ಷ ಮೆಸ್ ಕಮಾಂಡರ್ ಆಗಿದ್ದೆ. ಅದು ಶಿಕ್ಷೆಯ ಡ್ಯೂಟಿ ಅಂತಲೇ ನಾನು ಗೊಣಗುತ್ತಿದ್ದೆ. ದಿನಕ್ಕೆ ಮುನ್ನೂರು ಜನರ ಊಟ, ರೇಷನ್ ಡಿಮ್ಯಾಂಡ್, ಉಳಿಕೆ ಲೆಕ್ಕ, ಗ್ಯಾಸ್, ಅಡುಗೆಯವರ ರಜೆ. ದೊಡ್ಡ ಕಂಪನಿಯ ಕ್ಯಾಂಟೀನ್‌ನಲ್ಲಿ ಇದೇ ಕೆಲಸ ಮಾಡುವವನಿಗೆ ಮ್ಯಾನೇಜರ್ ಅಂತ ಬೋರ್ಡ್ ಇರುತ್ತದೆ.

ಇನ್‌ಫಂಟ್ರಿಯವರು, ಅಂದರೆ ಕಾಲ್ದಳದವರು, ಇಲ್ಲಿ ಬೇಗ ಕೈ ಚೆಲ್ಲುತ್ತಾರೆ. "ನಮಗೆ ಟ್ರೇಡ್ ಎಲ್ಲಿದೆ, ರೈಫಲ್ ಬಿಟ್ರೆ ಬೇರೇನಿದೆ?" ಸೆಕ್ಷನ್ ಕಮಾಂಡರ್ ಆಗಿ ಹತ್ತು ಜನರನ್ನು ನಡೆಸಿದ್ದೀರಿ, ಪೋಸ್ಟ್‌ನಲ್ಲಿ ರೋಸ್ಟರ್ ಹಾಕಿದ್ದೀರಿ, ಹೊಸಬರಿಗೆ ಕಲಿಸಿದ್ದೀರಿ, ಲಾಗ್ ಬರೆದಿದ್ದೀರಿ. ಶಿಫ್ಟ್ ಮೇಲೆ ನಡೆಯುವ ಗೋದಾಮು, ಫ್ಯಾಕ್ಟರಿ, ಆಸ್ಪತ್ರೆ, ಎಲ್ಲಕ್ಕೂ ಸೂಪರ್‌ವೈಸರ್ ಬೇಕು, ಮತ್ತು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎಚ್ಚರ ಇರುವ ಸೂಪರ್‌ವೈಸರ್ ಸಿಗುವುದು ಅವರಿಗೂ ಕಷ್ಟ.

ಹೆಜ್ಜೆ 2: ಕಾಗದ ಸರಿ ಮಾಡಿಸಿ, ಯೂನಿಟ್ ಕ್ಲರ್ಕ್ ಸಿಗುವಾಗಲೇ

ಇದು ಬೇಜಾರಿನ ಕೆಲಸ. ಆದರೂ ಬೇರೆಲ್ಲಕ್ಕಿಂತ ಮೊದಲು ಇದೇ ಮುಗಿಯಬೇಕು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಸರ್ವಿಸ್ ರೆಕಾರ್ಡ್, ಈ ನಾಲ್ಕರಲ್ಲೂ ಹೆಸರು, ಹುಟ್ಟಿದ ತಾರೀಖು, ತಂದೆಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿ. ನಮ್ಮ ಕಡೆಯ ಇನಿಷಿಯಲ್ ಸರ್ವಿಸ್ ರೆಕಾರ್ಡ್‌ನಲ್ಲಿ ಸರ್‌ನೇಮ್ ಆಗಿರುತ್ತದೆ, "ಮಂಜುನಾಥ" ಅನ್ನುವುದು "ಮಂಜು ನಾಥ್" ಆಗಿರುತ್ತದೆ. ಹೆಂಡತಿ ಮಕ್ಕಳ ಹೆಸರು ಪಾರ್ಟ್ 2 ಆರ್ಡರ್‌ನಲ್ಲಿ (ಮದುವೆ, ಮಕ್ಕಳ ವಿವರ ದಾಖಲಾಗುವ ಯೂನಿಟ್ ಆದೇಶ) ಹೇಗೆ ಹೋಗಿದೆ ಅಂತಲೂ ನೋಡಿ. ಯೂನಿಟ್‌ನಲ್ಲಿ ಇರುವಾಗ ಒಂದು ಟೀ ಕುಡಿಸಿ ಕ್ಲರ್ಕ್ ಪಕ್ಕ ಕೂತರೆ ಆಗುವ ಕೆಲಸಕ್ಕೆ, ಹೊರಗೆ ಬಂದ ಮೇಲೆ ರೆಕಾರ್ಡ್ ಆಫೀಸಿಗೆ ಪತ್ರದ ಮೇಲೆ ಪತ್ರ ಬರೆಯಬೇಕಾಗುತ್ತದೆ.

ಕೋರ್ಸ್ ಸರ್ಟಿಫಿಕೇಟುಗಳ ನಕಲು ಈಗಲೇ ತೆಗೆದಿಟ್ಟುಕೊಳ್ಳಿ. ಟ್ರೇಡ್ ಯಾವ ಸಿವಿಲ್ ಟ್ರೇಡಿಗೆ ಸಮ ಅಂತ ಡಿಸ್ಚಾರ್ಜ್ ಬುಕ್‌ನಲ್ಲಿ ನಮೂದಾಗಬೇಕು. ಆ ಸಾಲು ಖಾಲಿ ಬಿಟ್ಟುಕೊಂಡು ಹೊರಗೆ ಬರಬೇಡಿ.

ಇನ್ನೊಂದು ಕಾಗದ ಪದವಿಗೆ ಸಂಬಂಧಪಟ್ಟಿದ್ದು. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು, ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ ಸಿ (ಕ್ಲರ್ಕ್‌ನಂಥ) ಹುದ್ದೆಗಳಿಗೆ ಅರ್ಹರು ಅಂತ ಪರಿಗಣಿಸುತ್ತಾರೆ. ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಕಡ್ಡಾಯ ಇರುವ ಹುದ್ದೆಗಳಿಗೆ ಇದು ನಡೆಯುವುದಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯಲ್ಲೂ ಇಂಥದೇ ಅವಕಾಶ ಇದೆ, ಅಲ್ಲಿ ಆರ್ಮಿ ಸ್ಪೆಷಲ್ ಸರ್ಟಿಫಿಕೇಟ್ ಆಫ್ ಎಜುಕೇಶನ್ ಕೇಳುತ್ತಾರೆ. ಆದರೆ ಇದನ್ನೇ "ನಾನು ಗ್ರ್ಯಾಜುಯೇಟ್" ಅಂತ ಪ್ರೈವೇಟ್ ಕಂಪನಿಗೆ ಹೇಳಲು ಹೋಗಬೇಡಿ. ಯಾವ ಯೂನಿವರ್ಸಿಟಿ ಅಂತ ಕೇಳುತ್ತಾರೆ, ಆಮೇಲೆ ಮುಖ ಮುಖ ನೋಡಬೇಕು. ಸಮಯ ಇದ್ದರೆ ದೂರಶಿಕ್ಷಣದ ಯೂನಿವರ್ಸಿಟಿಯಾದ ಇಗ್ನೋದಲ್ಲಿ ಒಂದು ನಿಜವಾದ ಪದವಿ ಮುಗಿಸಿಕೊಳ್ಳಿ.

ಹೆಜ್ಜೆ 3: ಡಿಜಿಆರ್ ಕೋರ್ಸನ್ನು ಮನೆ ಹತ್ತಿರ ಅಂತ ಆರಿಸಬೇಡಿ

ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯ ಕೆಳಗೆ ಪುನರ್ವಸತಿ ಮಹಾನಿರ್ದೇಶನಾಲಯ ಇದೆ, ನಾವು ಡಿಜಿಆರ್ ಅನ್ನುವುದು ಅದನ್ನೇ. ಸೇವೆಯ ಕೊನೆಯ ಎರಡು ವರ್ಷದಲ್ಲಿ ಅವರು ನಡೆಸುವ ಕೋರ್ಸಿಗೆ ಹೋಗಬಹುದು. ಜವಾನ್ ಮತ್ತು ಜೆಸಿಓಗಳ ಕೋರ್ಸ್ ಫೀಸನ್ನು ಸರ್ಕಾರವೇ ಕೊಡುತ್ತದೆ. ಆಫೀಸರ್‌ಗಳಿಗೆ ಶೇ. 60 ಸರ್ಕಾರ ಕೊಡುತ್ತದೆ, ಉಳಿದದ್ದು ಅವರ ಜೇಬಿನಿಂದ. ಐಐಎಂಗಳಲ್ಲಿ ಅವರಿಗೆ ನಡೆಯುವ 24 ವಾರದ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳೂ ಈ ಯೋಜನೆಯಲ್ಲೇ ಬರುತ್ತವೆ.

ಈಗ ನನ್ನ ಕಥೆ. ನನಗೆ ಕೋರ್ಸ್ ಅಂದರೆ ಮನೆ ಊಟ. ಲಿಸ್ಟ್ ಬಂದಾಗ ಸಿಲಬಸ್ ನೋಡಲಿಲ್ಲ, ನಮ್ಮೂರಿಗೆ ಎಷ್ಟು ಗಂಟೆ ಬಸ್ಸು ಅಂತ ಮಾತ್ರ ನೋಡಿದೆ. ಒಂದು ಕಂಪ್ಯೂಟರ್ ಸಂಸ್ಥೆ ಸಿಕ್ಕಿತು. ಮೇಷ್ಟ್ರು ವಾರಕ್ಕೆ ಮೂರು ದಿನ ಬರುತ್ತಿದ್ದರು, ಉಳಿದ ದಿನ ನಾವು ಸಹಿ ಹಾಕಿ ಮನೆಗೆ. ಕೊನೆಗೆ ಚಿನ್ನದ ಬಣ್ಣದ ಬಾರ್ಡರ್ ಇರುವ ಸರ್ಟಿಫಿಕೇಟ್ ಕೊಟ್ಟರು. ಇವತ್ತಿನವರೆಗೆ ಅದನ್ನು ಯಾರೂ ಕೇಳಿಲ್ಲ. ನನ್ನ ಜೊತೆಯ ನಾಯಕ್ ಒಬ್ಬ ದೂರದ ಊರಿನಲ್ಲಿ ಹಾಸ್ಟೆಲ್ ಹಿಡಿದು ನೆಟ್‌ವರ್ಕಿಂಗ್ ಕೋರ್ಸ್ ಮಾಡಿದ, ಕೋರ್ಸ್ ಮುಗಿಯುವಷ್ಟರಲ್ಲಿ ತನ್ನ ದುಡ್ಡಿನಲ್ಲಿ ಸಿಸ್ಕೋ ಕಂಪನಿಯ ಸಿಸಿಎನ್‌ಎ ನೆಟ್‌ವರ್ಕಿಂಗ್ ಪರೀಕ್ಷೆ ಬರೆದ. ಡಿಸ್ಚಾರ್ಜ್ ಆದ ಮುಂದಿನ ತಿಂಗಳೇ ಅವನಿಗೆ ಕೆಲಸ. ಅವನು ನನಗಿಂತ ಬುದ್ಧಿವಂತ ಏನಲ್ಲ, ಸುಮ್ನೆ ಹೇಳುತ್ತಿಲ್ಲ, ಅವನ ಫಾಲ್ಟ್ ರಿಪೋರ್ಟುಗಳನ್ನು ತಿದ್ದುತ್ತಿದ್ದವನು ನಾನೇ.

ಹಾಗಾಗಿ ಆರಿಸುವ ಮೊದಲು ಮೂರು ಪ್ರಶ್ನೆ ಹಾಕಿಕೊಳ್ಳಿ. ಈ ಕೋರ್ಸಿನ ಸರ್ಟಿಫಿಕೇಟ್ ಯಾರು ಕೊಡುತ್ತಾರೆ, ಅದು ಎನ್‌ಎಸ್‌ಕ್ಯೂಎಫ್ (ಕೌಶಲಗಳನ್ನು ಮಟ್ಟಗಳಾಗಿ ಅಳೆಯುವ ರಾಷ್ಟ್ರೀಯ ಚೌಕಟ್ಟು) ಮಟ್ಟಕ್ಕೆ ಹೊಂದಿದೆಯಾ? ಕಳೆದ ಬ್ಯಾಚಿನ ಇಬ್ಬರ ನಂಬರ್ ಸಿಗುತ್ತದಾ, ಅವರು ಈಗ ಏನು ಮಾಡುತ್ತಿದ್ದಾರೆ? ನಾನು ಹದಿನೈದು ವರ್ಷ ಮಾಡಿದ ಕೆಲಸದ ಮೇಲೆ ಇದು ಕೂರುತ್ತದಾ, ಇಲ್ಲಾ ಸೊನ್ನೆಯಿಂದ ಶುರುವಾ? ಕೊನೆಯ ಪ್ರಶ್ನೆಯೇ ಮುಖ್ಯ. ಸ್ಟೋರ್ ಕೀಪರ್ ಆಗಿದ್ದವನು ಗೋದಾಮು ನಿರ್ವಹಣೆಯ ಕೋರ್ಸ್ ಮಾಡಿದರೆ ಅವನು ಅನುಭವಿ. ಅದೇ ಮನುಷ್ಯ ಗ್ರಾಫಿಕ್ ಡಿಸೈನ್ ಮಾಡಿದರೆ 38ನೇ ವಯಸ್ಸಿನಲ್ಲಿ ಫ್ರೆಷರ್.

ಹೆಜ್ಜೆ 4: ಟ್ರೇಡಿಗೆ ತಕ್ಕ ಸಿವಿಲ್ ಲೈಸೆನ್ಸ್ ಮಾಡಿಸಿ

ಡ್ರೈವರ್‌ಗಳಿಂದ ಶುರು ಮಾಡೋಣ. ಲಡಾಖ್‌ನ ರಸ್ತೆಯಲ್ಲಿ ಲಾರಿ ಓಡಿಸಿದವನ ಹತ್ತಿರ ಸಿವಿಲ್ ಹೆವಿ ಲೈಸೆನ್ಸ್ ಇಲ್ಲ ಅಂದರೆ ಸಾರಿಗೆ ಸಂಸ್ಥೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ರಜೆಗೆ ಬಂದಾಗ ಆರ್‌ಟಿಓ ಕೆಲಸ ಮುಗಿಸಿಕೊಳ್ಳಿ. ಎಲೆಕ್ಟ್ರಿಷಿಯನ್‌ಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಅಥವಾ ಸೂಪರ್‌ವೈಸರ್ ಪರ್ಮಿಟ್ ಬೇಕು, ಅದಿಲ್ಲದೆ ಕಂಟ್ರಾಕ್ಟರ್ ಹತ್ತಿರ ಹೆಲ್ಪರ್ ಆಗಿಯೇ ಉಳಿಯುತ್ತೀರಿ. ನೇವಿಯಿಂದ ಬಂದು ಮರ್ಚೆಂಟ್ ಶಿಪ್ ಹತ್ತುವವರಿಗೆ ಎಸ್‌ಟಿಸಿಡಬ್ಲ್ಯೂ (ನಾವಿಕರ ಅಂತರರಾಷ್ಟ್ರೀಯ ತರಬೇತಿ ಮಾನದಂಡ) ಕೋರ್ಸ್‌ಗಳು ಮತ್ತು ಸಿಡಿಸಿ (ನಾವಿಕನ ಗುರುತು ಮತ್ತು ಸೇವಾ ಪುಸ್ತಕ) ಬೇಕು. ಏರ್‌ಫೋರ್ಸ್‌ನ ಟೆಕ್ನಿಷಿಯನ್‌ಗಳು ವಿಮಾನ ನಿರ್ವಹಣೆಯ ಲೈಸೆನ್ಸ್ ಬೇಕಿದ್ದರೆ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎಯ ಮಾಡ್ಯೂಲ್ ಪರೀಕ್ಷೆಗಳನ್ನು ಸರ್ವಿಸ್‌ನಲ್ಲಿರುವಾಗಲೇ ಒಂದೊಂದಾಗಿ ಬರೆಯಲು ಶುರು ಮಾಡಬೇಕು, ಕೊನೆಯ ವರ್ಷಕ್ಕೆ ಇಟ್ಟುಕೊಂಡರೆ ಆಗದು. ಡ್ರೋನ್ ಹಾರಿಸಿ ಅಭ್ಯಾಸ ಇದ್ದವರು ಡಿಜಿಸಿಎ ಒಪ್ಪಿಗೆ ಇರುವ ತರಬೇತಿ ಸಂಸ್ಥೆಯಿಂದ ರಿಮೋಟ್ ಪೈಲಟ್ ಸರ್ಟಿಫಿಕೇಟ್ ತೆಗೆದುಕೊಳ್ಳಬಹುದು, 2021ರ ಡ್ರೋನ್ ನಿಯಮ ಬಂದ ಮೇಲೆ ಇದು ಸುಲಭವಾಗಿದೆ.

ಸೆಕ್ಯೂರಿಟಿ ಕೆಲಸದ ಬಗ್ಗೆ ಒಂದು ಮಾತು. ನಮ್ಮ ತರಬೇತಿಗೆ ಕಾನೂನೇ ಬೆಲೆ ಕಟ್ಟಿರುವ ಜಾಗ ಇದು. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯ ಕೆಳಗೆ ಬಂದ ಮಾದರಿ ನಿಯಮದ ಪ್ರಕಾರ ಹೊಸ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ ಬೇಕು. ಮಾಜಿ ಸೈನಿಕನಿಗೆ 40 ಗಂಟೆ ತರಗತಿ, 16 ಗಂಟೆ ಫೀಲ್ಡ್ ಸಾಕು. ಅದಕ್ಕೇ ಎಲ್ಲರೂ ಇದರ ಕಡೆ ಜಾರುತ್ತಾರೆ. ಮರ್ಯಾದೆಯ ಕೆಲಸವೇ, ಆದರೆ ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು ಅಲ್ಲೇ ವಯಸ್ಸು ಕಳೆದವರನ್ನು ನೋಡಿದ್ದೇನೆ. ಹೋಗುವುದಾದರೆ ಕಂಟ್ರೋಲ್ ರೂಮ್, ಸಿಸಿಟಿವಿ, ಫೈರ್ ಪ್ಯಾನಲ್ ಕಲಿತು, ಒಂದು ವರ್ಷದಲ್ಲಿ ಗೇಟು ಬಿಟ್ಟು ಒಳಗೆ ಬರುವ ಲೆಕ್ಕ ಹಾಕಿಕೊಂಡು ಹೋಗಿ. ಫೈರ್ ಕಡೆ ಒಲವಿದ್ದರೆ ಗಲ್ಲಿಗೊಂದರಂತೆ ಇರುವ ಡಿಪ್ಲೊಮಾ ಅಂಗಡಿಗಳಿಗೆ ದುಡ್ಡು ಸುರಿಯಬೇಡಿ. ನಾಗ್ಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಂಥ ಸರ್ಕಾರಿ ಸಂಸ್ಥೆಯ ಕಾಗದಕ್ಕೆ ಇರುವ ತೂಕ ಬೇರೆ.

ಹೆಜ್ಜೆ 5: ರೆಸ್ಯೂಮೆಯಲ್ಲಿ ನಮ್ಮ ಭಾಷೆ ಬಿಡಿ

ನನ್ನ ಮೊದಲ ರೆಸ್ಯೂಮೆಯಲ್ಲಿ "ಎನ್‌ಸಿಓ ಇನ್‌ಚಾರ್ಜ್ ಲೈನ್ ಪಾರ್ಟಿ" ಅಂತ ಇತ್ತು. ಅದನ್ನು ನೋಡಿದ ಕಂಪನಿಯ ಹುಡುಗಿ, ವಯಸ್ಸು ಇಪ್ಪತ್ತೈದು ಇರಬಹುದು, "ಸರ್, ಇದು ಯಾವ ಪಾರ್ಟಿ?" ಅಂತ ಕೇಳಿದಳು. ತಮಾಷೆ ಮಾಡುತ್ತಿರಲಿಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಅದನ್ನೇ ಆಮೇಲೆ ಹೀಗೆ ಬರೆದೆ: "ಎಂಟು ಜನರ ತಂಡದೊಂದಿಗೆ ಆಪ್ಟಿಕಲ್ ಫೈಬರ್ ಮತ್ತು ತಾಮ್ರದ ಕೇಬಲ್ ಅಳವಡಿಕೆ, ಜಾಯಿಂಟಿಂಗ್, ದೋಷ ಪತ್ತೆ, ದಿನದ 24 ಗಂಟೆ ಸಂಪರ್ಕ ಉಳಿಸುವ ಹೊಣೆ." ಕೆಲಸ ಅದೇ, ಆದರೆ ಈ ಸಲ ಫೋನ್ ಬಂತು.

ಎಂಟಿ (ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್, ಅಂದರೆ ವಾಹನ ವಿಭಾಗ) ಹವಾಲ್ದಾರ್ ಆಗಿದ್ದವರು "ಎಂಟಿ ಎನ್‌ಸಿಓ" ಅಂತ ಬರೆದರೆ ಆ ಕಡೆಯವರು ಖಾಲಿ ಅಂತ ಓದಿಕೊಂಡಾರು. "40ಕ್ಕೂ ಹೆಚ್ಚು ವಾಹನಗಳ ಸರ್ವಿಸಿಂಗ್ ವೇಳಾಪಟ್ಟಿ, ಡೀಸೆಲ್ ಲೆಕ್ಕ, ಚಾಲಕರ ಡ್ಯೂಟಿ ಹಂಚಿಕೆ" ಅಂತ ಬರೆಯಿರಿ, ಹುದ್ದೆ ಹುಡುಕುವಾಗ ಫ್ಲೀಟ್ ಸೂಪರ್‌ವೈಸರ್ ಅಂತ ಹುಡುಕಿ. ಕ್ವಾರ್ಟರ್‌ಮಾಸ್ಟರ್ ಸ್ಟೋರ್ ನೋಡಿಕೊಂಡವರಿಗೆ ಇನ್ವೆಂಟರಿ ಅನ್ನುವ ಪದ ಬೇಕು. ವರ್ಷಕ್ಕೊಮ್ಮೆ ಬೋರ್ಡ್ ಕೂತು ಸಾಮಾನು ಎಣಿಸುತ್ತಿತ್ತಲ್ಲ, ಅದು ಸ್ಟಾಕ್ ಆಡಿಟ್. ಒಂದು ಸೂಜಿ ಕಡಿಮೆ ಬಂದರೂ ಕೋರ್ಟ್ ಆಫ್ ಇನ್‌ಕ್ವಯರಿ ಅನ್ನುವ ಭಯದಲ್ಲಿ ಲೆಡ್ಜರ್ ಇಟ್ಟವರು ನೀವು, ಅದನ್ನು "ಎಷ್ಟು ವರ್ಷ, ಎಷ್ಟು ಬಗೆಯ ಸಾಮಾನು" ಅಂತ ಎರಡು ಸಾಲಲ್ಲಿ ಹೇಳಿ.

ಆದರೆ ಬರೆಯುವ ಹುಮ್ಮಸ್ಸಿನಲ್ಲಿ ಯೂನಿಟ್ ಎಲ್ಲಿತ್ತು, ಯಾವ ರೇಡಿಯೋ ಸೆಟ್, ಯಾವ ರೇಡಾರ್, ಯೂನಿಟ್‌ನಲ್ಲಿ ಒಟ್ಟು ಎಷ್ಟು ಜನ ಇದ್ದರು ಅಂತ ಹಾಕಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ಪೆನ್ಷನ್ ಬಂದವರಿಗೂ ಅನ್ವಯಿಸುತ್ತದೆ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಬಂದು ಇಂಥದ್ದನ್ನೇ ಕೆದಕುವವರು ಇದ್ದಾರೆ. ಉತ್ತರ ಕೊಡದೆ ಬ್ಲಾಕ್ ಮಾಡಿ.

ಹೆಜ್ಜೆ 6: ಸರ್ಕಾರಿ ಕೆಲಸದ ಲೆಕ್ಕ ತಿಳಿದುಕೊಳ್ಳಿ

ಕೇಂದ್ರ ಸರ್ಕಾರದ ಗ್ರೂಪ್ ಸಿ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲು. ಸಾರ್ವಜನಿಕ ವಲಯದ ಉದ್ಯಮ ಮತ್ತು ಬ್ಯಾಂಕ್‌ಗಳಲ್ಲಿ ಗ್ರೂಪ್ ಸಿಗೆ ಶೇ. 14.5. ಇದರಲ್ಲಿ 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ.

ವಯಸ್ಸಿನ ವಿಷಯದಲ್ಲಿ ಬಹಳ ಜನ ತಾವೇ ತಮ್ಮನ್ನು ಅನರ್ಹ ಮಾಡಿಕೊಂಡು ಅರ್ಜಿ ಹಾಕುವುದಿಲ್ಲ. ಲೆಕ್ಕ ಹೀಗಿದೆ: ಈಗಿನ ವಯಸ್ಸಿನಿಂದ ಸೇವೆಯ ವರ್ಷ ಕಳೆಯಿರಿ. ಉಳಿದದ್ದು ಹುದ್ದೆಯ ಗರಿಷ್ಠ ವಯಸ್ಸಿಗಿಂತ ಮೂರು ವರ್ಷಕ್ಕಿಂತ ಜಾಸ್ತಿ ಮೀರಬಾರದು, ಅಷ್ಟೇ. ನಿಮಗೆ 43, ಸೇವೆ 17 ವರ್ಷ ಅಂದರೆ ಲೆಕ್ಕಕ್ಕೆ 26. ಹುದ್ದೆಯ ಮಿತಿ 25 ಇದ್ದರೂ ನೀವು ಅರ್ಹರು.

ಡಿಸ್ಚಾರ್ಜ್ ಆಗುವವರೆಗೆ ಕಾಯುವುದೂ ಬೇಡ. ಸೇವಾವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಲು 1979ರ ಮರುನೇಮಕ ನಿಯಮದಲ್ಲಿ ಅವಕಾಶ ಇದೆ. ಕಮಾಂಡಿಂಗ್ ಆಫೀಸರ್ ಸಹಿಯ ಸರ್ಟಿಫಿಕೇಟ್ ಬೇಕು. ನಮೂನೆ ಆಯಾ ನೇಮಕಾತಿ ಪ್ರಕಟಣೆಯ ಕೊನೆಯ ಪುಟಗಳಲ್ಲೇ ಇರುತ್ತದೆ, ಅದನ್ನೇ ಪ್ರಿಂಟ್ ತೆಗೆಯಿರಿ, ಹಳೇ ನಮೂನೆ ಕೊಟ್ಟು ಡಾಕ್ಯುಮೆಂಟ್ ವೆರಿಫಿಕೇಶನ್‌ನಲ್ಲಿ ವಾಪಸ್ ಬಂದವರು ಬೇಕಾದಷ್ಟು.

ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಸ್ಥಳೀಯ ಭಾಷೆ ಓದಲು ಬರೆಯಲು ಬರಬೇಕು. ನಗಬೇಡಿ. ಹದಿನೇಳು ವರ್ಷ ಹಿಂದಿಯಲ್ಲೇ ಬದುಕಿದ ಮೇಲೆ ನನಗೆ ಒತ್ತಕ್ಷರ ಬರೆಯುವಾಗ ಕೈ ತಡೆಯುತ್ತಿತ್ತು. ಮಗಳ ಐದನೇ ಕ್ಲಾಸಿನ ಪುಸ್ತಕದಿಂದ ದಿನಕ್ಕೊಂದು ಪುಟ ನಕಲು ಮಾಡಿದೆ, ಅವಳೇ ತಿದ್ದುತ್ತಿದ್ದಳು, ಕೆಂಪು ಪೆನ್ನಿನಲ್ಲಿ.

ಅಗ್ನಿವೀರರಿಗೆ ಈ ಲೆಕ್ಕ ಬೇರೆ. 2022ರಲ್ಲಿ ಬಂದ ಆ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆ, ಆಮೇಲೆ ಶೇ. 25ರವರೆಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಪೆನ್ಷನ್ ಇಲ್ಲ, ಮಾಜಿ ಸೈನಿಕ ಸ್ಥಾನವೂ ಇಲ್ಲ. ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ (ಹೊರಬರುವಾಗ ಒಟ್ಟಿಗೆ ಸಿಗುವ ಮೊತ್ತ) ಮತ್ತು ಕೌಶಲ ಸರ್ಟಿಫಿಕೇಟ್ ಸಿಗುತ್ತದೆ. ಅವರಿಗಾಗಿ ಇಗ್ನೋ ಪದವಿ ಇದೆ, ಅದರ ಅರ್ಧ ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತದೆ. ತಮ್ಮಂದಿರೇ, ಅದಕ್ಕೆ ಹೆಸರು ಹಾಕಿಸದೆ ಬರಬೇಡಿ. ಸೇವಾ ನಿಧಿಯಲ್ಲಿ ಮೊದಲು ಬುಲೆಟ್ ಬೈಕ್ ಕೊಳ್ಳಬೇಡಿ ಅಂತ ಹೇಳಿದರೆ ಅಣ್ಣನ ಉಪದೇಶ ಆಗುತ್ತದೆ, ಆದರೂ ಹೇಳುತ್ತೇನೆ.

ಹೆಜ್ಜೆ 7: ಇಂಟರ್‌ವ್ಯೂ ಮತ್ತು ಸಂಬಳ

ಮೊದಲ ಇಂಟರ್‌ವ್ಯೂನಲ್ಲಿ ಕೇಳಿದರು, "ನಿಮ್ಮ ಟೀಮಿನಲ್ಲಿ ಒಬ್ಬ ಮಾತು ಕೇಳದಿದ್ದರೆ ಏನು ಮಾಡುತ್ತೀರಿ?" ನಾನು ಅಂದೆ, "ಕೇಳುತ್ತಾನೆ ಸರ್." "ಕೇಳದಿದ್ದರೆ?" "ಕೇಳಲೇಬೇಕು ಸರ್, ಆರ್ಡರ್." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಗೆ ಮುಗಿಯಿತು. ನಿಜ ಏನೆಂದರೆ ಯೂನಿಟ್‌ನಲ್ಲೂ ನಾನು ಬರೀ ಆರ್ಡರ್ ಮೇಲೆ ಕೆಲಸ ತೆಗೆದವನಲ್ಲ. ರಜೆ ಸಿಗದೆ ಮುಖ ಊದಿಸಿಕೊಂಡ ಹುಡುಗನ ಪಕ್ಕ ಕೂತು, ಅವನ ತಾಯಿಯ ಆಪರೇಷನ್ ತಾರೀಖು ಕೇಳಿ, ಡ್ಯೂಟಿ ಅದಲು ಬದಲು ಮಾಡಿ ಕೆಲಸ ಮಾಡಿಸಿದ್ದೆ. ಅವರಿಗೆ ಬೇಕಿದ್ದದ್ದು ಆ ಕಥೆ. ಇಂಥ ನಾಲ್ಕೈದು ಘಟನೆಗಳನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ: ತೊಂದರೆ ಏನು ಬಂತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಎರಡು ನಿಮಿಷ ಮೀರಬಾರದು.

"ಎಷ್ಟು ಪೆನ್ಷನ್ ಬರುತ್ತೆ?" ಅಂತ ಕೇಳುವವರೂ ಇರುತ್ತಾರೆ, ಸಂಬಳ ಇಳಿಸಲು. ಪೆನ್ಷನ್ ನೀವು ಆಗಲೇ ದುಡಿದು ಮುಗಿಸಿದ್ದು, ಈ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನಗುತ್ತಲೇ ಹೇಳಿ. ಅವರು ಹೇಳುವ ಸಿಟಿಸಿ (ಕಂಪನಿಗೆ ನಿಮ್ಮಿಂದ ಆಗುವ ಒಟ್ಟು ಖರ್ಚು) ಮೊತ್ತದಲ್ಲಿ ಕಂಪನಿಯ ಪಾಲಿನ ಪಿಎಫ್, ಕೆಲವು ಕಡೆ ಗ್ರ್ಯಾಚುಯಿಟಿಯೂ ಸೇರಿರುತ್ತದೆ. ಕೈಗೆ ಎಷ್ಟು ಬರುತ್ತದೆ ಅಂತ ಬಿಡಿಸಿ ಕೇಳಿ. ಮಿಲಿಟರಿಯಲ್ಲಿ ರೇಷನ್, ಕ್ವಾರ್ಟರ್ಸ್, ಕರೆಂಟ್ ಬಿಲ್ಲಿನ ಚಿಂತೆ ಜೇಬಿಗೆ ತಟ್ಟಿರುವುದಿಲ್ಲ, ಅದಕ್ಕೆ ಹಳೇ ಸಂಬಳದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹೆಜ್ಜೆ 8: ಹೊರಬಂದ ಮೊದಲ ತಿಂಗಳು

ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ, ಮಾಜಿ ಸೈನಿಕರ ಗುರುತಿನ ಚೀಟಿಗೆ ಅರ್ಜಿ ಕೊಡಿ, ಉದ್ಯೋಗಕ್ಕೆ ಬೇರೆಯಾಗಿ ನೋಂದಣಿ ಇದೆಯಾ ಕೇಳಿ ಅದನ್ನೂ ಮಾಡಿಸಿ. ಆರ್ಮಿಯವರು ಎಡಬ್ಲ್ಯೂಪಿಓದಲ್ಲಿ (ಆರ್ಮಿ ವೆಲ್ಫೇರ್ ಪ್ಲೇಸ್‌ಮೆಂಟ್ ಆರ್ಗನೈಸೇಶನ್) ಹೆಸರು ಹಾಕಿಸಿ, ನೇವಿಗೂ ಏರ್‌ಫೋರ್ಸಿಗೂ ಇಂಥದೇ ಪ್ಲೇಸ್‌ಮೆಂಟ್ ವ್ಯವಸ್ಥೆ ಇದೆ. ಮೂಲ ಡಿಸ್ಚಾರ್ಜ್ ಬುಕ್ ಯಾರ ಕೈಗೂ ಕೊಟ್ಟು ಬರಬೇಡಿ, ನಕಲು ಕೊಡಿ.

ಕೊನೆಯದು, ಬಹಳ ಜನ ಕಳೆದುಕೊಳ್ಳುವ ಒಂದು ಅವಕಾಶ. ಮಾಜಿ ಸೈನಿಕ ಮೀಸಲಿನಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಸೇರಿದರೆ, ಮುಂದಿನ ಸರ್ಕಾರಿ ಕೆಲಸಕ್ಕೆ ಆ ಮೀಸಲು ಸಿಗುವುದಿಲ್ಲ. ಆದರೆ ಸೇರುವ ಮೊದಲೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಕೇಂದ್ರದ 2014ರ ಆದೇಶದ ಪ್ರಕಾರ ಅವುಗಳಿಗೆ ಮೀಸಲು ಉಳಿಯುತ್ತದೆ. ಷರತ್ತು ಒಂದೇ, ಸೇರಿದ ಕೂಡಲೇ ಯಾವ ಹುದ್ದೆಗೆ ಯಾವ ತಾರೀಖಿನಲ್ಲಿ ಅರ್ಜಿ ಹಾಕಿದ್ದೀರಿ ಅಂತ ಬರೆದು ಆ ಕಚೇರಿಗೆ ಕೊಡಬೇಕು. ಹಾಗಾಗಿ ಅರ್ಜಿ ಹಾಕಿದ ದಿನವೇ ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತಾ ಬನ್ನಿ, ಸೇರುವ ದಿನ ಪಟ್ಟಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.